ಓಟಿ ಬಾಗಿಲ ಮೇಲಿನ ‘3ಎ’: ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೊಡುವ ರೋಗಿ ಇರಬೇಕಾ?

ಅಡಿಕೆಮನೆ ಮಗಳು · ಭಾನುವಾರ ರಾತ್ರಿ 9:12

ಉದ್ದ ಬರೆಯುತ್ತಿದ್ದೇನೆ, ಬೈಯಬೇಡಿ. ಒಂದು ವಾರದಿಂದ ತಲೆಯೊಳಗೆ ಕೂತಿರುವ ವಿಷಯ.

ಅಪ್ಪನಿಗೆ 68. ಹರ್ನಿಯಾ. ಎರಡು ವರ್ಷ ಲಂಗೋಟಿ ಬಿಗಿ ಮಾಡಿಕೊಂಡೇ ತೋಟಕ್ಕೆ ಹೋದರು. ಈ ಸಲ ನೋವು ಜಾಸ್ತಿಯಾಯಿತು ಎಂದು ಜಿಲ್ಲಾ ಕೇಂದ್ರದ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬೆಳಿಗ್ಗೆ ಎಂಟಕ್ಕೆ ಚೀಟಿ ಸಾಲಿನಲ್ಲಿ ನಿಂತೆವು, ಹನ್ನೆರಡೂವರೆಗೆ ಒಬ್ಬ ಹುಡುಗ ಡಾಕ್ಟರ್ ನೋಡಿದರು. ಆಪರೇಷನ್ ಬೇಕು, ಆದರೆ 24 ದಿನ ಬಿಟ್ಟು ಬನ್ನಿ ಎಂದು ಬರೆದುಕೊಟ್ಟರು.

ಹೊರಗೆ ಬೆಂಚಿನ ಮೇಲೆ ಕೂತಿದ್ದವರೊಬ್ಬರು ಅಪ್ಪನ ಕಿವಿಯಲ್ಲಿ ಹೇಳಿದರು: ‘ಸಂಜೆ ದೊಡ್ಡ ಡಾಕ್ಟರ ಕ್ಲಿನಿಕ್‌ಗೆ ಹೋಗಿ ಒಮ್ಮೆ ತೋರಿಸಿಬಿಡಿ.’ ಹೋದೆವು. ಫೀಸು 400. ನಿಜ ಹೇಳಬೇಕು, ಡಾಕ್ಟರ್ ಬಹಳ ಒಳ್ಳೆಯವರು. ಚೀಟಿಯ ಹಿಂಭಾಗದಲ್ಲಿ ಹೊಟ್ಟೆಯ ಚಿತ್ರ ಬಿಡಿಸಿ, ಎಲ್ಲಿ ತೂತು, ಎಲ್ಲಿ ಬಲೆ ಹೊಲಿಯುವುದು ಎಂದು ತೋರಿಸಿದರು. ಬೆಳಿಗ್ಗೆ ಯಾರೂ ಅಪ್ಪನ ಮುಖ ನೋಡಿ ಮಾತಾಡಿರಲಿಲ್ಲ. ಕೊನೆಗೆ ‘ಬುಧವಾರ ಬಂದು ಸ್ಪೆಷಲ್ ವಾರ್ಡ್‌ಗೆ ಸೇರಿಸಿ, ಗುರುವಾರ ಮಾಡಿಬಿಡೋಣ’ ಎಂದರು. ಅದೇ ಆಸ್ಪತ್ರೆ, ಅದೇ ಡಾಕ್ಟರ್. 24 ದಿನ ಹೋಗಿ ಮೂರು ದಿನವಾಯಿತು.

ಗುರುವಾರ ಓಟಿ (ಆಪರೇಷನ್ ಥಿಯೇಟರ್) ಬಾಗಿಲಿಗೆ ಆ ದಿನದ ಪಟ್ಟಿ ಅಂಟಿಸಿದ್ದರು. ಟೈಪ್ ಮಾಡಿದ ಆರು ಹೆಸರು. ಮೂರು ಮತ್ತು ನಾಲ್ಕರ ನಡುವೆ ಇದ್ದ ಸಣ್ಣ ಜಾಗದಲ್ಲಿ ನೀಲಿ ಪೆನ್ನಿನಲ್ಲಿ ‘3ಎ’ ಎಂದು ಬರೆದು ಅಪ್ಪನ ಹೆಸರು ಸೇರಿಸಿದ್ದರು.

ಅಪ್ಪನದು ಚೆನ್ನಾಗಿ ಆಯಿತು. ಮಧ್ಯಾಹ್ನ ನಾಲ್ಕಕ್ಕೆ ಓಟಿ ಮುಗಿಯಿತು ಎಂದರು. ಆರನೆಯ ಹೆಸರಿನ ಅಜ್ಜ ಹಿಂದಿನ ರಾತ್ರಿಯಿಂದ ಒಂದು ತೊಟ್ಟು ನೀರು ಕುಡಿದಿರಲಿಲ್ಲ. ಅವರನ್ನು ವಾಪಸ್ ವಾರ್ಡ್‌ಗೆ ತಳ್ಳಿಕೊಂಡು ಹೋದರು. ಅವರ ಹೆಂಡತಿ ನನ್ನನ್ನು ನರ್ಸ್ ಎಂದುಕೊಂಡು ಕೇಳಿದರು, ‘ಹಾಗಾದ್ರೆ ನಾಳೆನಾ ಮಗಳೇ?’

ನಾನು ಏನು ಹೇಳಲಿ. ಪಟ್ಟಿಯಲ್ಲಿ ಒಂದು ಹೆಸರು ಜಾಸ್ತಿಯಾಗಿದ್ದಕ್ಕೆ ಒಂದು ಹೆಸರು ಬಿದ್ದುಹೋಯಿತು.

ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟು ಮಾಡಿಸಿಕೊಳ್ಳುವವರು ಇರಬೇಕಾ, ಬೇಡವಾ? ಒಳಗಿನವರು ಯಾರಾದರೂ ಇದ್ದರೆ ಹೇಳಿ.

ಸಂತೆಬೀದಿ · ರಾತ್ರಿ 9:31

ತಲೆ ಕೆಡಿಸಿಕೊಳ್ಳಬೇಡಿ ಅಕ್ಕ. ಅಪ್ಪನಿಗೆ ನೋವಿರುವಾಗ ಯಾರಾದರೂ ಅದನ್ನೇ ಮಾಡುತ್ತಾರೆ. ನಾನೂ ಮಾಡಿದ್ದೇನೆ.

ಬಿಸಿಲೂರು ರಾಯಚೂರು · ರಾತ್ರಿ 9:58

‘ಯಾರಾದರೂ ಮಾಡುತ್ತಾರೆ’ ಅನ್ನೋದೇ ರೋಗ ನೋಡ್ರಿ. 400 ರೂಪಾಯಿ ಇದ್ದವರು ಮಾಡುತ್ತಾರೆ. ಇಲ್ಲದವರು ಆರನೇ ನಂಬರ್ ಆಗಿ ಉಪವಾಸ ಮಲಗುತ್ತಾರೆ. ಸರ್ಕಾರಿ ಕಟ್ಟಡ, ಸರ್ಕಾರಿ ಟೇಬಲ್, ಸರ್ಕಾರಿ ಸಂಬಳ. ಅದರ ಸರದಿ ಮಾತ್ರ ಸಂಜೆ ಕ್ಲಿನಿಕ್‌ನಲ್ಲಿ ಮಾರಾಟ.

ನನ್ನ ಉತ್ತರ: ಬೇಡ. ಒಂದು ಹಾಸಿಗೆಯೂ ಬೇಡ.

ಅಡ್ಮಿನ್ · ರಾತ್ರಿ 10:05

ಒಂದೇ ಕೋರಿಕೆ. ನಿಮ್ಮ ಸ್ವಂತ ಅನುಭವ ಬರೆಯುವಾಗ ಆಸ್ಪತ್ರೆ, ಡಾಕ್ಟರ್ ಹೆಸರು ಬೇಡ. ಪೇಪರ್‌ನಲ್ಲಿ, ಸರ್ಕಾರದ ದಾಖಲೆಯಲ್ಲಿ ಬಂದಿರುವ ವಿಷಯ ಹೆಸರು ಹಿಡಿದೇ ಚರ್ಚಿಸಿ.

ನೈಟ್ ಡ್ಯೂಟಿ ಪಿಜಿ · ರಾತ್ರಿ 11:47

ನಾನು ಸರ್ಜರಿ ಪಿಜಿ, ಅಂದರೆ ಎಂಬಿಬಿಎಸ್ ಮುಗಿಸಿ ಸರ್ಜರಿ ಕಲಿಯುತ್ತಿರುವವನು, ಬೇರೆ ಜಿಲ್ಲೆ. ಅಡಿಕೆಮನೆಯವರೇ, ಆ ‘ಹುಡುಗ ಡಾಕ್ಟರ್’ ನಾನಲ್ಲ, ಆದರೆ ನನ್ನಂಥವನೇ. ನಿಮ್ಮ ತಂದೆಯ ಮುಖ ನೋಡಿ ಮಾತಾಡಲಿಲ್ಲ ಎಂದು ಬರೆದಿದ್ದೀರಿ. ಓದಿ ಸ್ವಲ್ಪ ಚುಚ್ಚಿತು. ಒಪಿಡಿ (ಹೊರರೋಗಿ ವಿಭಾಗ) ದಿನ ನಮ್ಮ ಯೂನಿಟ್‌ಗೆ ಬೆಳಿಗ್ಗೆಯಿಂದ ನೂರಕ್ಕೆ ಕಡಿಮೆ ಜನ ಬಂದದ್ದು ನನಗೆ ನೆನಪಿಲ್ಲ. ಒಬ್ಬರಿಗೆ ಎರಡು ನಿಮಿಷ ಸಿಕ್ಕರೆ ಹೆಚ್ಚು.

ಈಗ 24 ದಿನದ ಲೆಕ್ಕ. ಹಾಸಿಗೆ ಖಾಲಿ ಇಲ್ಲ ಎಂದು 24 ದಿನ ಬರೆಯುವುದಿಲ್ಲ. ನಮ್ಮ ಯೂನಿಟ್‌ಗೆ ದೊಡ್ಡ ಓಟಿ ವಾರಕ್ಕೆ ಎರಡು ದಿನ, ಒಂದು ಟೇಬಲ್. ಆ ದಿನ ಅನಸ್ತೇಷಿಯಾದವರು ಒಬ್ಬರೇ ಇದ್ದು, ಪಕ್ಕದಲ್ಲಿ ತುರ್ತು ಸಿಸೇರಿಯನ್ ಬಂದರೆ ನಮ್ಮ ಟೇಬಲ್ ಒಂದು ಗಂಟೆ ನಿಲ್ಲುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಶುರುವಾಗಬೇಕಾದ್ದು ಹತ್ತೂವರೆಗೆ ಶುರುವಾಗುತ್ತದೆ. ಉಪಕರಣಗಳನ್ನು ಕ್ರಿಮಿರಹಿತ ಮಾಡುವ ಆಟೋಕ್ಲೇವ್ ಕೈಕೊಟ್ಟರೆ ಇನ್ನೂ ತಡ. ಹಾಗಾಗಿ ಆರು ಹೆಸರು ಬರೆದರೆ ನಾಲ್ಕು, ಐದು ಮುಗಿಯುತ್ತವೆ. ಆರನೆಯವರು ಬೀಳುವುದು 3ಎ ಇಲ್ಲದ ದಿನವೂ ಉಂಟು. ಇದು ಸಮರ್ಥನೆ ಅಲ್ಲ, ಇರುವ ಸಂಗತಿ.

ಇನ್ನೊಂದು ಮಾತು. ಸ್ಪೆಷಲ್ ವಾರ್ಡ್ ಬಾಡಿಗೆ ರಸೀದಿ ಹಾಕಿ ಆಸ್ಪತ್ರೆಗೇ ಹೋಗುತ್ತದೆ. ಆ ದುಡ್ಡಿನಲ್ಲಿ ನಮ್ಮಲ್ಲಿ ಜನರೇಟರ್ ಡೀಸೆಲ್, ಕೆಟ್ಟ ಲಿಫ್ಟ್ ರಿಪೇರಿ ಎಲ್ಲ ಆಗಿದೆ. ಗಾಳಿ ಬರುವ ಕೋಣೆ, ಜೊತೆಗಿರುವವರಿಗೆ ಮಂಚ, ಸ್ವಂತ ಬಾತ್‌ರೂಮ್. ಇದಕ್ಕೆ ದುಡ್ಡು ತೆಗೆದುಕೊಂಡರೆ ಯಾರಿಗೂ ನಷ್ಟವಿಲ್ಲ. ತೊಂದರೆ ಶುರುವಾಗುವುದು ಕೋಣೆಯ ಜೊತೆಗೆ ಸರದಿಯನ್ನೂ ಕಟ್ಟಿ ಕೊಟ್ಟಾಗ. ಆ ಪಟ್ಟಿ ಬರೆಯುವವನು ಹೆಚ್ಚಾಗಿ ನಾನೇ. ಹಿಂದಿನ ಸಂಜೆ ಬಾಸ್ ಫೋನ್ ಮಾಡುತ್ತಾರೆ, ‘ಒಂದು ಸೇರಿಸು’ ಎನ್ನುತ್ತಾರೆ. ಎಲ್ಲಿ ಸೇರಿಸಬೇಕು ಎಂದು ಅವರು ಹೇಳುವುದಿಲ್ಲ. ಕೊನೆಗೆ ಸೇರಿಸಿದರೆ ಏನಾಗುತ್ತದೆ ಎಂದು ನನಗೆ ಗೊತ್ತು.

ಸಂತೆಬೀದಿ · ಸೋಮವಾರ ಬೆಳಿಗ್ಗೆ 7:20

ಪಿಜಿ ಸಾರ್, ನೀಲಿ ಪೆನ್ನು ನಿಮ್ಮದೇನಾ? 🙂

ನೈಟ್ ಡ್ಯೂಟಿ ಪಿಜಿ · ಬೆಳಿಗ್ಗೆ 7:26

ಕಪ್ಪು.

ಬಿಳಿ ಸೀರೆ · ಬೆಳಿಗ್ಗೆ 10:15

ನಾನು ನಿವೃತ್ತ ಸ್ಟಾಫ್ ನರ್ಸ್. 33 ವರ್ಷ, ನಾಲ್ಕು ಊರು. ಎಲ್ಲರೂ ಡಾಕ್ಟರ ವಿಷಯ ಮಾತಾಡುತ್ತಿದ್ದೀರಿ, ಸ್ಪೆಷಲ್ ವಾರ್ಡ್ ಅಂದರೆ ನನಗೆ ನೆನಪಾಗುವುದು ಕಾಲಿಂಗ್ ಬೆಲ್.

ನಾನಿದ್ದ ಒಂದು ಆಸ್ಪತ್ರೆಯಲ್ಲಿ ಹೆಂಗಸರ ಸರ್ಜಿಕಲ್ ವಾರ್ಡ್ ಮತ್ತು ಎಂಟು ಸ್ಪೆಷಲ್ ಕೋಣೆ ಒಂದೇ ಮಹಡಿ. ರಾತ್ರಿ ಎರಡಕ್ಕೂ ಸೇರಿ ಒಬ್ಬಳೇ ಸಿಸ್ಟರ್, ಒಬ್ಬ ಆಯಾ. ವಾರ್ಡ್‌ನಲ್ಲಿ 40 ಮಂಚ, ಕೆಳಗೆ ಚಾಪೆಯಲ್ಲಿ ಇನ್ನು ಹತ್ತು. ಸ್ಪೆಷಲ್ ಕೋಣೆಗೆ ಬೆಲ್ ಇತ್ತು, ವಾರ್ಡ್‌ಗೆ ಇರಲಿಲ್ಲ. ಅಷ್ಟೇ ವ್ಯತ್ಯಾಸ. ಆದರೆ ಬೆಲ್ ಆದರೆ ಕಾಲು ತಾನೇ ಆ ಕಡೆ ಹೋಗುತ್ತದೆ. ಯಾರೂ ನನಗೆ ‘ದುಡ್ಡು ಕೊಟ್ಟವರನ್ನು ಮೊದಲು ನೋಡು’ ಎಂದು ಹೇಳಿಲ್ಲ. ಒಂದು ರಾತ್ರಿ ನಾಲ್ಕನೇ ಕೋಣೆಯವರು ಸೊಳ್ಳೆ ಬತ್ತಿಗೆ ಮೂರು ಸಲ ಬೆಲ್ ಮಾಡಿದರು. ವಾಪಸ್ ಬರುವಾಗ ವಾರ್ಡ್‌ನ ಮೂಲೆಯಲ್ಲಿ ಒಬ್ಬಳು ಹೆಂಗಸು ಬಾಟಲಿ ಮುಗಿದು, ನಳಿಕೆಯಲ್ಲಿ ರಕ್ತ ಮೇಲೆ ಹತ್ತಿದ್ದನ್ನು ನೋಡುತ್ತಾ ಸುಮ್ಮನೆ ಕೂತಿದ್ದಳು. ಕೂಗಬಾರದು, ಸಿಸ್ಟರ್ ಬೈಯುತ್ತಾರೆ ಎಂದು ಕೂತಿದ್ದಳಂತೆ. ಏನೂ ಆಗಲಿಲ್ಲ, ಸೂಜಿ ಬದಲಾಯಿಸಿದೆ. ಆದರೂ ನೋಡಿ, ಇವತ್ತಿಗೂ ಮರೆತಿಲ್ಲ.

ಎಂಟು ಕೋಣೆ ತೆರೆಯುವಾಗ ಎಂಟು ಬೀಗ, ಎಂಟು ಬೆಲ್ ಎಲ್ಲ ಕೊಟ್ಟರು. ಒಬ್ಬ ಸಿಸ್ಟರ್ ಪೋಸ್ಟ್ ಕೊಡಲಿಲ್ಲ. ಸ್ಪೆಷಲ್ ವಾರ್ಡ್ ಬೇಕು ಅನ್ನುವವರು ಮೊದಲು ಇದಕ್ಕೆ ಉತ್ತರ ಹೇಳಲಿ.

ಅಡಿಕೆಮನೆ ಮಗಳು · ಬೆಳಿಗ್ಗೆ 10:40

ಸಿಸ್ಟರ್, ನಾವೂ ಎರಡು ಸಲ ಬೆಲ್ ಮಾಡಿದ್ದೆವು. ಒಮ್ಮೆ ಫ್ಯಾನ್ ರೆಗ್ಯುಲೇಟರ್‌ಗೆ.

ಲೆಕ್ಕದ ಪುಸ್ತಕ · ಮಧ್ಯಾಹ್ನ 1:05

ಭಾವನೆ ಅರ್ಥವಾಗುತ್ತದೆ. ಸ್ವಲ್ಪ ದುಡ್ಡಿನ ಕಡೆಯಿಂದಲೂ ನೋಡೋಣ.

ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಫೀಸು ನಿನ್ನೆ ಮೊನ್ನೆಯದಲ್ಲ. 1996ರಲ್ಲಿ ವಿಶ್ವ ಬ್ಯಾಂಕ್ ಸಾಲದಲ್ಲಿ ಜಿಲ್ಲಾ, ತಾಲೂಕು ಆಸ್ಪತ್ರೆಗಳನ್ನು ದುರಸ್ತಿ ಮಾಡುವ ಯೋಜನೆ ಬಂತು. ಬಳಕೆದಾರರ ಶುಲ್ಕ ಊರೂರಿಗೆ ಬೇರು ಬಿಟ್ಟದ್ದು ಆ ಕಾಲದಲ್ಲಿ. ಬೆಂಗಳೂರಿನ ವಿಕ್ಟೋರಿಯಾದಲ್ಲಿ 2024ರ ನವೆಂಬರ್‌ನಲ್ಲಿ ಹೊರರೋಗಿ ಚೀಟಿ 10 ರೂಪಾಯಿಯಿಂದ 20 ಆದಾಗ ಎಷ್ಟು ಗಲಾಟೆ ಆಯಿತು ನೆನಪಿದೆಯಲ್ವಾ.

ಈಗ ಜಯದೇವ ಹೃದ್ರೋಗ ಆಸ್ಪತ್ರೆ ನೋಡಿ. ಅದೂ ಸರ್ಕಾರದ್ದೇ, ಸ್ವಾಯತ್ತ ಸಂಸ್ಥೆ. ಬೆಂಗಳೂರು, ಮೈಸೂರು, ಕಲಬುರಗಿ ಮೂರೂ ಕಡೆ ದುಡ್ಡು ಕೊಡುವವರು, ಕಾರ್ಡಿನವರು ಒಂದೇ ಕಟ್ಟಡದಲ್ಲಿದ್ದಾರೆ. ಡಾ. ಸಿ.ಎನ್. ಮಂಜುನಾಥ್ 2024ರ ಜನವರಿವರೆಗೆ ನಿರ್ದೇಶಕರಾಗಿದ್ದರು. ಮೊದಲು ಚಿಕಿತ್ಸೆ, ದುಡ್ಡಿನ ಮಾತು ಆಮೇಲೆ ಎಂಬುದು ಅವರ ಕಾಲದಲ್ಲಿ ಊರಿಗೆಲ್ಲ ಗೊತ್ತಾದ ಮಾತು. ಮಧ್ಯಮ ವರ್ಗದವರು ಅಲ್ಲಿಗೆ ಹೋಗಿ ದುಡ್ಡು ಕೊಡುತ್ತಾರೆ. ಕೊಡುವವರು ಹೋಗುವ ಜಾಗದಲ್ಲಿ ಶೌಚಾಲಯವೂ ಸ್ವಚ್ಛವಾಗಿರುತ್ತದೆ. ರಾಯಚೂರಿನವರು ‘ಒಂದು ಹಾಸಿಗೆಯೂ ಬೇಡ’ ಅಂದರು. ಹಾಗಾದರೆ ಸರ್ಕಾರಿ ಆಸ್ಪತ್ರೆ ಬಡವರಿಗೆ ಮಾತ್ರ ಎಂದಾಗುತ್ತದೆ. ಬಡವರು ಮಾತ್ರ ಹೋಗುವ ಜಾಗದ ಬಗ್ಗೆ ಯಾವ ಎಂಎಲ್‌ಎ ಫೋನ್ ಎತ್ತುತ್ತಾನೆ ಹೇಳಿ.

ಬಿಸಿಲೂರು ರಾಯಚೂರು · ಮಧ್ಯಾಹ್ನ 2:30

ಜಯದೇವದ ಮಾತು ಒಪ್ಪಿದೆ. ಆದರೆ ರಾಜ್ಯದಲ್ಲಿ ಜಯದೇವ ಎಷ್ಟಿವೆ?

ನಮ್ಮೂರಿನ ಕಥೆ ಕೇಳ್ರಿ. ಓಪೆಕ್ ಆಸ್ಪತ್ರೆ ಅಂತ ಕರೆಯುತ್ತೇವೆ, ಬೋರ್ಡ್ ಮೇಲೆ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ. ಎಣ್ಣೆ ದೇಶಗಳ ಓಪೆಕ್ ನಿಧಿಯ ಸಾಲದಲ್ಲಿ ಸರ್ಕಾರ ಕಟ್ಟಿದ್ದು, ಅದಕ್ಕೇ ಆ ಹೆಸರು. ಕಟ್ಟಿದ ಮೇಲೆ ನಡೆಸಲಿಕ್ಕೆ ಆಗದೆ 2002ರಲ್ಲಿ ಹತ್ತು ವರ್ಷಕ್ಕೆ ಅಪೋಲೋಗೆ ಕೊಟ್ಟರು. ಬಡವರಿಗೆ ಇಷ್ಟು ಹಾಸಿಗೆ ಮೀಸಲು ಎಂದು ಕರಾರಿನಲ್ಲಿ ಬರೆದಿತ್ತು. ಬರೆದದ್ದು ಬಡವರಿಗೆ ತಲುಪಲಿಲ್ಲ ಎಂಬ ಟೀಕೆ ಆ ಹತ್ತು ವರ್ಷವೂ ಇತ್ತು, ಆಮೇಲೆ ಅಧ್ಯಯನ ಮಾಡಿದವರೂ ಅದನ್ನೇ ಎತ್ತಿದರು. 2012ರಲ್ಲಿ ಕರಾರು ಮುಗಿದು ವಾಪಸ್ ಸರ್ಕಾರಕ್ಕೆ ಬಂತು.

ನನಗೆ ಅದರಲ್ಲಿ ಕಾಣಿಸಿದ್ದು ಇಷ್ಟು. ಮೀಸಲು ಹಾಸಿಗೆ ಕಾಗದದ ಮೇಲೆ ಇರುತ್ತದೆ. ಬಡವ ಗೇಟಿನ ಒಳಗೆ ಬರಬೇಕಲ್ಲ? ಗಾಜಿನ ಬಾಗಿಲು, ಟೈ ಕಟ್ಟಿದವರು ಕೌಂಟರ್‌ನಲ್ಲಿ. ದೇವದುರ್ಗದಿಂದ ಬಂದ ಮನುಷ್ಯ ಚಪ್ಪಲಿ ಎಲ್ಲಿ ಬಿಡಬೇಕು ಎಂದು ಯೋಚಿಸುತ್ತಲೇ ನಿಲ್ಲುತ್ತಾನೆ.

ಮತ್ತು ಇದು ಹಳೆ ಕಥೆ ಅಲ್ಲ. 2020ರ ಜನವರಿಯಲ್ಲಿ ನೀತಿ ಆಯೋಗ ಒಂದು ಕರಡು ಹೊರಡಿಸಿತು. ಜಿಲ್ಲಾ ಆಸ್ಪತ್ರೆಯನ್ನು ಖಾಸಗಿ ಮೆಡಿಕಲ್ ಕಾಲೇಜಿಗೆ ಜೋಡಿಸುವುದು, ಕನಿಷ್ಠ 750 ಹಾಸಿಗೆ, ಅದರಲ್ಲಿ ಅರ್ಧ ಮಾರುಕಟ್ಟೆ ದರದ ‘ಮಾರುಕಟ್ಟೆ ಹಾಸಿಗೆ’, ಅರ್ಧ ಸರ್ಕಾರ ದರ ಕಟ್ಟುವ ನಿಯಂತ್ರಿತ ಹಾಸಿಗೆ. ಹೆಸರು ನೋಡ್ರಿ, ಮಾರುಕಟ್ಟೆ ಹಾಸಿಗೆ! ಎಪಿಎಂಸಿ ಯಾರ್ಡ್ ಇದ್ದಂಗೆ. 2025ರಲ್ಲಿ ವಿಜಯಪುರದ ಜನ ಪಿಪಿಪಿ (ಸರ್ಕಾರ, ಖಾಸಗಿ ಪಾಲುದಾರಿಕೆಯ) ಮೆಡಿಕಲ್ ಕಾಲೇಜು ಬೇಡ, ಸರ್ಕಾರಿ ಕಾಲೇಜೇ ಬೇಕು ಎಂದು ಧರಣಿ ಕೂತದ್ದು ಸುಮ್ನೆ ಅಲ್ಲ.

ಲೆಕ್ಕದ ಪುಸ್ತಕ · ಮಧ್ಯಾಹ್ನ 2:52

ಒಂದು ತಿದ್ದುಪಡಿ. ಇಡೀ ಆಸ್ಪತ್ರೆಯನ್ನು ಕಂಪನಿಗೆ ಕೊಡುವುದು ಬೇರೆ, ಸರ್ಕಾರವೇ ನಡೆಸುವ ಆಸ್ಪತ್ರೆಯಲ್ಲಿ ಹತ್ತು ಕೋಣೆಗೆ ಬಾಡಿಗೆ ತೆಗೆದುಕೊಳ್ಳುವುದು ಬೇರೆ. ನಾನು ಎರಡನೆಯದರ ಬಗ್ಗೆ ಹೇಳಿದ್ದು. ಅರ್ಧ ಹಾಸಿಗೆ ಮಾರುಕಟ್ಟೆಗೆ ಎಂದರೆ ನನಗೂ ಒಪ್ಪಿಗೆ ಇಲ್ಲ.

ಕುಡ್ಲದವ · ಸಂಜೆ 5:10

ಮಾರಾಯ್ರೆ, ಮಂಗಳೂರಿನಲ್ಲಿ ಇದು ನನ್ನಜ್ಜನ ಕಾಲದಿಂದ ಉಂಟು. ವೆನ್ಲಾಕ್ 1848ರ ಆಸ್ಪತ್ರೆ, ಸರ್ಕಾರದ್ದು. 1950ರ ದಶಕದಲ್ಲಿ ಕೆಎಂಸಿ (ಕಸ್ತೂರ್ಬಾ ಮೆಡಿಕಲ್ ಕಾಲೇಜು) ಶುರುವಾದಾಗ ಅವರ ಹತ್ತಿರ ಸ್ವಂತ ಆಸ್ಪತ್ರೆ ಇರಲಿಲ್ಲ. ಖಾಸಗಿ ಕಾಲೇಜಿನ ಮಕ್ಕಳು ಸರ್ಕಾರಿ ಆಸ್ಪತ್ರೆಯಲ್ಲಿ ಕಲಿಯುವುದು ಎಂದು ಒಪ್ಪಂದ ಆಯಿತು. ಹೆರಿಗೆಗೆ ಲೇಡಿಗೋಶನ್, ಅದೂ ಸರ್ಕಾರಿ ಆಸ್ಪತ್ರೆ. ಇವತ್ತಿಗೂ ವೆನ್ಲಾಕಿನಲ್ಲಿ ನಿಮ್ಮನ್ನು ನೋಡುವ ಡಾಕ್ಟರ್ ಕೆಎಂಸಿ ಪ್ರೊಫೆಸರ್ ಆಗಿರಬಹುದು. ಚಿಕ್ಕಮಗಳೂರು, ಹಾಸನ, ಕೊಡಗು, ಕಾಸರಗೋಡಿನಿಂದೆಲ್ಲ ಜನ ಬರುತ್ತಾರೆ.

ಇದು ರಾಯಚೂರಿನ ಉಲ್ಟಾ. ಅಲ್ಲಿ ಕಟ್ಟಡ ಖಾಸಗಿಯವರ ಕೈಗೆ ಹೋಯಿತು. ಇಲ್ಲಿ ಕಟ್ಟಡ ಸರ್ಕಾರದ ಕೈಯಲ್ಲೇ ಉಳಿಯಿತು, ಖಾಸಗಿಯ ಡಾಕ್ಟರ್ ಒಳಗೆ ಬಂದರು. ಬೀಗದ ಕೈ ಯಾರ ಹತ್ತಿರ ಅನ್ನುವುದು ಮುಖ್ಯ ಅಂತ ನನಗೆ ಕಾಣುವುದು. ಆದರೆ ಇದರಲ್ಲೂ ಒಂದು ಸಂಶಯ ಯಾವಾಗಲೂ ಉಂಟು. ಆ ಕಾಲೇಜಿನವರಿಗೆ ಈಗ ಸ್ವಂತ ದೊಡ್ಡ ಆಸ್ಪತ್ರೆ ಉಂಟಲ್ಲ. ಒಳ್ಳೆಯ ಮೆಷಿನ್ ಇಲ್ಲಿಗೆ ಬರುವುದಾ, ಅಲ್ಲಿಗೆ ಹೋಗುವುದಾ?

ಲಿಫಿ ದಂಡೆ · ಸಂಜೆ 6:35

ಡಬ್ಲಿನ್‌ನಿಂದ. ನಾನು ಇಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್, ಊರು ಹಾಸನ ಕಡೆ. ನೀವೆಲ್ಲ ಜಗಳ ಆಡುತ್ತಿರುವ ವಿಷಯಕ್ಕೆ ಈ ದೇಶ ದಶಕಗಟ್ಟಲೆ ಜಗಳ ಆಡಿದೆ, ಹಾಗಾಗಿ ಹೇಳುತ್ತೇನೆ.

ಐರ್ಲೆಂಡಿನಲ್ಲಿ ಸರ್ಕಾರಿ ಆಸ್ಪತ್ರೆಯ ದೊಡ್ಡ ಡಾಕ್ಟರು, ಅಂದರೆ ಕನ್ಸಲ್ಟೆಂಟ್, ಅದೇ ಆಸ್ಪತ್ರೆಯಲ್ಲಿ ವಿಮೆ ಇರುವ ಖಾಸಗಿ ರೋಗಿಗಳನ್ನೂ ನೋಡುತ್ತಿದ್ದರು. 2008ರ ಕರಾರಿನಲ್ಲಿ ಒಂದು ವರ್ಗದ ಡಾಕ್ಟರಿಗೆ ಮಿತಿ ಹಾಕಿದರು: 80 ಭಾಗ ಸಾರ್ವಜನಿಕ ರೋಗಿ, 20 ಭಾಗ ಖಾಸಗಿ. ಕಾಗದದ ಮೇಲೆ ಚೆಂದ. ಎಣಿಸುವವರು ಯಾರು? 2017ರಲ್ಲಿ ಇಲ್ಲಿನ ಸರ್ಕಾರಿ ಟಿವಿಯೇ ಕೆಲವು ಡಾಕ್ಟರುಗಳ ಹಿಂದೆ ಕ್ಯಾಮೆರಾ ಹಾಕಿ, ಸರ್ಕಾರಿ ಡ್ಯೂಟಿ ಹೊತ್ತಿನಲ್ಲಿ ಅವರು ಎಲ್ಲಿದ್ದರು ಎಂದು ತೋರಿಸಿತು. ದೇಶವೆಲ್ಲ ಅದೇ ಮಾತು.

ಅದೇ ವರ್ಷ ಎಲ್ಲ ಪಕ್ಷದವರು ಸೇರಿ ಸ್ಲಾಂಟೆಕೇರ್ ಎಂಬ ಯೋಜನೆ ಒಪ್ಪಿದರು. ಖಾಸಗಿ ರೋಗಿಗಳನ್ನು ಸರ್ಕಾರಿ ಆಸ್ಪತ್ರೆಯಿಂದ ಹೊರಗೆ ತರುವುದು ಹೇಗೆ ಎಂದು ಡೊನಾಲ್ ಡಿ ಬ್ಯುಟ್ಲೇರ್ ಅವರ ತಂಡ 2019ರಲ್ಲಿ ವರದಿ ಕೊಟ್ಟಿತು. 2023ರ ಮಾರ್ಚ್‌ನಿಂದ ಹೊಸದಾಗಿ ಸೇರುವ ಕನ್ಸಲ್ಟೆಂಟ್‌ಗೆ ಸಾರ್ವಜನಿಕ ರೋಗಿ ಮಾತ್ರ. ಸರ್ಕಾರಿ ಕಟ್ಟಡದೊಳಗೆ ಖಾಸಗಿ ಫೀಸು ಇಲ್ಲ. ತಮ್ಮ ಹೊತ್ತಿನಲ್ಲಿ, ಹೊರಗೆ ಬೇಕಾದರೆ ಮಾಡಿಕೊಳ್ಳಲಿ. ಅದಕ್ಕೆ ಬದಲಾಗಿ ಸಂಬಳ ವರ್ಷಕ್ಕೆ 2 ಲಕ್ಷ ಯೂರೊ ದಾಟಿಸಿದರು. ಹಳಬರನ್ನು ಬಲವಂತ ಮಾಡಲಿಲ್ಲ, ಬಯಸಿದವರು ಬದಲಾಯಿಸಿಕೊಂಡರು.

ನನಗೆ ಹಿಡಿಸಿದ ಸಣ್ಣ ಸಂಗತಿ ಬೇರೆ. ಆ ಹಳೇ 2008ರ ಕರಾರಿನಲ್ಲೇ ಒಂದು ಸಾಲು ಇತ್ತು. ಹೊರರೋಗಿಗಳ ಸ್ಕ್ಯಾನು, ಪರೀಕ್ಷೆಗೆ ಖಾಸಗಿಯವರಿಗೂ ಸಾರ್ವಜನಿಕರಿಗೂ ಒಂದೇ ಕಾಯುವ ಪಟ್ಟಿ. ಅದನ್ನು ಆಸ್ಪತ್ರೆ ಇಟ್ಟುಕೊಳ್ಳಬೇಕು, ಡಾಕ್ಟರ್ ಅಲ್ಲ. 80:20 ಎಣಿಸುವುದು ಕಷ್ಟ. ಪಟ್ಟಿ ಒಂದೇ ಇದೆಯಾ ಎಂದು ನೋಡುವುದು ಸುಲಭ.

ಇಲ್ಲಿ ಕಾಯುವುದು ಮುಗಿದಿದೆ ಎಂದುಕೊಳ್ಳಬೇಡಿ. ಮಂಡಿ ಆಪರೇಷನ್‌ಗೆ 24 ದಿನ ಎಂದರೆ ನಮ್ಮ ಪಕ್ಕದ ಮನೆಯ ಐರಿಶ್ ಅಜ್ಜಿ ಕುಣಿದುಬಿಡುತ್ತಾರೆ.

ತಾಲೂಕು ಡಾಕ್ಟರ್ · ರಾತ್ರಿ 8:20

ಎಲ್ಲ ಓದಿದೆ. ನಾನು ಸಂಜೆ ಕ್ಲಿನಿಕ್ ಇಟ್ಟಿರುವ ಸರ್ಕಾರಿ ಡಾಕ್ಟರ್. ಬೈಯುವುದಾದರೆ ಬೈಯಿರಿ.

ಐರ್ಲೆಂಡಿನ ಸಂಬಳ ಓದಿ ನಗು ಬಂತು. ಕೇಂದ್ರ ಸರ್ಕಾರದ ಡಾಕ್ಟರಿಗೆ ಖಾಸಗಿ ಪ್ರಾಕ್ಟೀಸ್ ಮಾಡದೇ ಇರುವುದಕ್ಕೆ ಮೂಲ ವೇತನದ 20 ಪರ್ಸೆಂಟ್ ಎನ್‌ಪಿಎ ಎಂಬ ಭತ್ಯೆ ಕೊಡುತ್ತಾರೆ. ಒಂದು ತಾಲೂಕಿನಲ್ಲಿ ಒಳ್ಳೆ ಹೆಸರಿರುವ ಸರ್ಜನ್ ಅಷ್ಟನ್ನು ಕೆಲವೇ ಸಂಜೆಗಳಲ್ಲಿ ದುಡಿಯುತ್ತಾನೆ. ಕಟ್ಟುನಿಟ್ಟಾಗಿ ನಿಲ್ಲಿಸಿದರೆ ಅರ್ಧ ಜನ ರಾಜೀನಾಮೆ ಕೊಟ್ಟು ಎದುರಿನ ನರ್ಸಿಂಗ್ ಹೋಮ್‌ಗೆ ಸೇರುತ್ತಾರೆ. ಆಗ ಆರನೇ ನಂಬರ್ ಅಜ್ಜನಿಗೆ ಐದೂ ಇಲ್ಲ, ಆರೂ ಇಲ್ಲ.

ಇನ್ನೊಂದು ಸಂಗತಿ ಯಾರೂ ಹೇಳಲಿಲ್ಲ. ನನ್ನ ಕ್ಲಿನಿಕ್‌ಗೆ ಬರುವವರೆಲ್ಲ ಸರದಿ ಹಾರುವುದಕ್ಕೆ ಬರುವುದಿಲ್ಲ. ಕೂಲಿಯವರು ಬರುತ್ತಾರೆ. ಬೆಳಿಗ್ಗೆ ಒಪಿಡಿಗೆ ಬಂದರೆ ಅವತ್ತಿನ ಕೂಲಿ ಹೋಯಿತು, ಜೊತೆಗೆ ಬಂದವರದ್ದೂ ಹೋಯಿತು. 100 ರೂಪಾಯಿ ಕೊಟ್ಟು ಸಂಜೆ ಏಳಕ್ಕೆ ತೋರಿಸುವುದು ಅವರಿಗೆ ಅಗ್ಗ. ಉಚಿತ ಆಸ್ಪತ್ರೆ ಬಡವನಿಗೆ ದುಬಾರಿಯಾಗುವುದು ಹೀಗೆ.

ಆದರೆ 3ಎ ತಪ್ಪು. ಕ್ಲಿನಿಕ್‌ನಲ್ಲಿ ನೋಡಿದವರನ್ನು ಸರ್ಕಾರಿ ಪಟ್ಟಿಯ ನಡುವೆ ತುರುಕುವುದನ್ನು ನಾನು ಸಮರ್ಥಿಸುವುದಿಲ್ಲ. ನಾನು ಮಾಡಿಲ್ಲ ಎಂದು ಹೇಳುತ್ತಿಲ್ಲ ಕೂಡ. ಬಂಧುಗಳು, ಪಂಚಾಯ್ತಿ ಮೆಂಬರ್, ಸಹೋದ್ಯೋಗಿಯ ಮಾವ. ದುಡ್ಡಿಗಿಂತ ಇವರದೇ ಜಾಸ್ತಿ.

ಬಿಸಿಲೂರು ರಾಯಚೂರು · ರಾತ್ರಿ 8:41

ಡಾಕ್ಟರೇ, ಒಪ್ಪಿಕೊಂಡು ಬರೆದಿದ್ದಕ್ಕೆ ನಮಸ್ಕಾರ. ಒಂದು ಪ್ರಶ್ನೆ. ಕೂಲಿಯವನಿಗೆ ಸಂಜೆ ಬೇಕು ಎಂದು ನಿಮಗೆ ಗೊತ್ತು. ಹಾಗಾದರೆ ಸಂಜೆ ಒಪಿಡಿ ಸರ್ಕಾರಿ ಆಸ್ಪತ್ರೆಯಲ್ಲೇ ಯಾಕೆ ಇಲ್ಲ?

ಕುಂಬಳೆ ಮಾಷ್ಟ್ರು · ರಾತ್ರಿ 9:30

ಅದಕ್ಕೆ ನಮ್ಮ ಕಡೆಯ ಉತ್ತರ ಹೇಳುತ್ತೇನೆ. ಕಾಸರಗೋಡು ಜಿಲ್ಲೆ, ಕನ್ನಡ ಶಾಲೆಯ ಮೇಷ್ಟ್ರು.

ಕೇರಳದಲ್ಲಿ 2017ರಲ್ಲಿ ಆರ್ದ್ರಂ ಎಂದು ಶುರು ಮಾಡಿದರು. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಕುಟುಂಬ ಆರೋಗ್ಯ ಕೇಂದ್ರ ಮಾಡಿ, ಒಪಿಡಿಯನ್ನು ಸಂಜೆ ಆರರವರೆಗೆ ಎಳೆದರು. ಡಾಕ್ಟರ್ ಹುದ್ದೆ, ನರ್ಸ್ ಹುದ್ದೆ ಹೆಚ್ಚು ಮಾಡಿದರು. ಶಾಲೆ ಬಿಟ್ಟು ಹೋದರೂ ಡಾಕ್ಟರ್ ಸಿಗುತ್ತಾರೆ, ಅದು ದೊಡ್ಡ ಉಪಕಾರ.

ಖಾಸಗಿ ಪ್ರಾಕ್ಟೀಸ್ ವಿಷಯದಲ್ಲಿ ಎರಡು ದಾರಿ ಮಾಡಿದ್ದಾರೆ. ಮೆಡಿಕಲ್ ಕಾಲೇಜಿನ ಡಾಕ್ಟರಿಗೆ ಪೂರ್ತಿ ನಿಷೇಧ, ಸಂಬಳ ಏರಿಸಿ ಮಾಡಿದ್ದು. ಅದಾಗಿ ಹದಿನೈದು ವರ್ಷ ದಾಟಿತು. ಆರೋಗ್ಯ ಇಲಾಖೆಯ ಡಾಕ್ಟರಿಗೆ ಡ್ಯೂಟಿ ಮುಗಿದ ಮೇಲೆ ತಾನು ವಾಸಿಸುವ ಮನೆಯಲ್ಲಿ ಮಾತ್ರ. ವ್ಯಾಪಾರದ ಕಟ್ಟಡದಲ್ಲಿ ಅಂಗಡಿ ಹಾಕುವಂತಿಲ್ಲ. ನಿಷೇಧ ಇದ್ದರೂ ಆಗಾಗ ವಿಜಿಲೆನ್ಸ್ ದಾಳಿ ಸುದ್ದಿ ಬರುತ್ತದೆ. ಅಂದರೆ ಕದ್ದು ನಡೆಯುತ್ತದೆ ಎಂದೇ ಅರ್ಥ. ಆದರೆ ಕದ್ದು ಮಾಡುವವನಿಗೆ ಬೋರ್ಡ್ ಹಾಕಲಿಕ್ಕಾಗುವುದಿಲ್ಲ, ಅಷ್ಟಾದರೂ ಲಾಭ.

ನಮ್ಮನ್ನು ಜಾಸ್ತಿ ಹೊಗಳಬೇಡಿ. ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. ಎಂಬಿಬಿಎಸ್ ಶುರುವಾಗಲು ಹತ್ತು ವರ್ಷಕ್ಕಿಂತ ಜಾಸ್ತಿ ಬೇಕಾಯಿತು. ದೊಡ್ಡ ಕಾಯಿಲೆ ಎಂದರೆ ನಾವು ಈಗಲೂ ಬಸ್ಸು ಹತ್ತಿ ಕುಡ್ಲಕ್ಕೇ ಹೋಗುವುದು. 2020ರಲ್ಲಿ ಕೊರೊನಾ ಹೊತ್ತಿಗೆ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಅದರ ಬೆಲೆ ಗೊತ್ತಾಯಿತು.

ನೈಟ್ ಡ್ಯೂಟಿ ಪಿಜಿ · ಮಂಗಳವಾರ ಬೆಳಗಿನ ಜಾವ 2:10

ನಿದ್ದೆ ಬರದೆ ಮತ್ತೆ ಬಂದೆ. ಒಂದು ಹೊಸ ವಿಷಯ ಸೇರಿಸಬೇಕು. ‘ದುಡ್ಡು ಕೊಡುವ ರೋಗಿ’ ಎಂದರೆ ಈಗ ಸ್ಪೆಷಲ್ ವಾರ್ಡಿನವರು ಮಾತ್ರವಲ್ಲ.

2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಬಂದಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಆ ಕಾರ್ಡಿನ ರೋಗಿಗೆ ನಮ್ಮಲ್ಲಿ ಆಪರೇಷನ್ ಮಾಡಿದರೆ ನಮ್ಮ ಆಸ್ಪತ್ರೆಯೂ ಕ್ಲೇಮ್ ಹಾಕುತ್ತದೆ, ಯೋಜನೆ ನಡೆಸುವ ಸರ್ಕಾರಿ ಟ್ರಸ್ಟ್‌ನಿಂದ ಹಣ ಬರುತ್ತದೆ. ಅದರಲ್ಲಿ ಒಂದು ಪಾಲು ಚಿಕಿತ್ಸೆ ಕೊಟ್ಟ ತಂಡಕ್ಕೆ ಪ್ರೋತ್ಸಾಹಧನ. ಅಂದರೆ ಮಂಚದ ಮೇಲೆ ಮಲಗಿರುವ ಕಾರ್ಡಿನ ಅಜ್ಜನೂ ಆಸ್ಪತ್ರೆಗೆ ದುಡ್ಡು ತರುವವನೇ. ಪೂರ್ತಿ ಅನಾಥ ಯಾರು ಎಂದರೆ ಕಾರ್ಡೇ ಇಲ್ಲದವನು. ಆಧಾರ್ ಕಳೆದುಕೊಂಡವನು, ಬಿಹಾರದಿಂದ ಬಂದ ಗಾರೆ ಕೆಲಸದವನು. ರಾತ್ರಿ ಬಿದ್ದು ಬರುತ್ತಾನೆ, ಬೆಳಿಗ್ಗೆ ಆರೋಗ್ಯಮಿತ್ರ (ಯೋಜನೆಯ ಸಹಾಯಕ) ಡೆಸ್ಕ್‌ನಲ್ಲಿ ‘ದಾಖಲೆ ತನ್ನಿ’ ಅಂತಾರೆ. ತರುವವರು ಯಾರು?

ಇದರಿಂದ ಒಂದು ಒಳ್ಳೆಯದೂ ಆಗಬಹುದಿತ್ತು. ಆರನೇ ನಂಬರ್ ಬಿದ್ದರೆ ಆಸ್ಪತ್ರೆಗೂ ನಷ್ಟ ಎಂದಾದಾಗ ಎರಡನೇ ಅನಸ್ತೇಷಿಯಾ ಡಾಕ್ಟರ್ ಬೇಕು ಎಂದು ಮೇಲಿನವರಿಗೂ ಅನ್ನಿಸಬೇಕು. ಕ್ಲೇಮ್ ಹಣ ತಿಂಗಳುಗಟ್ಟಲೆ ತಡವಾಗಿ ಬಂದರೆ ಹಾಗೆ ಅನ್ನಿಸುವುದಿಲ್ಲ, ಅಷ್ಟೇ.

ಬಿಳಿ ಸೀರೆ · ಬೆಳಿಗ್ಗೆ 9:05

ಪಿಜಿ ಮಗು, ಮೊದಲು ಮಲಗು.

ಒಂದೇ ಪಟ್ಟಿ ಎಂದು ಡಬ್ಲಿನ್ ಹುಡುಗಿ ಹೇಳಿದ್ದು ನಮಗೆ ಹೊಸದಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಓಟಿ ಸಿಸ್ಟರ್ ಒಬ್ಬರಿದ್ದರು, ಕೇರಳದವರು, ಮಹಾ ಜೋರು. ಅವರ ಹತ್ತಿರ ಒಂದು ಉದ್ದದ ರಿಜಿಸ್ಟರ್. ವಾರ್ಡಿನಿಂದ ಕೇಸ್ ಶೀಟ್ ಬಂದ ತಾರೀಖಿನ ಪ್ರಕಾರ ಹೆಸರು ಬರೆಯುತ್ತಿದ್ದರು. ನಡುವೆ ಸೇರಿಸಬೇಕೆಂದರೆ ಡಾಕ್ಟರ್ ಕೆಂಪು ಶಾಯಿಯಲ್ಲಿ ಕಾರಣ ಬರೆದು ಸಹಿ ಹಾಕಬೇಕು. ‘ಕರುಳು ಸಿಕ್ಕಿಕೊಂಡಿದೆ’ ಎಂದು ಬರೆದರೆ ಸರಿ. ‘ನಮ್ಮ ಪರಿಚಯದವರು’ ಎಂದು ಯಾರು ಬರೆಯುತ್ತಾರೆ? ಎಷ್ಟೋ ಜನ ಪೆನ್ನು ತೆಗೆದು, ಯೋಚಿಸಿ, ಮತ್ತೆ ಜೇಬಿಗೆ ಇಟ್ಟುಕೊಂಡದ್ದನ್ನು ನೋಡಿದ್ದೇನೆ. ಅವರು ವರ್ಗವಾಗಿ ಹೋದರು, ರಿಜಿಸ್ಟರ್ ಸ್ಟೋರ್‌ಗೆ ಹೋಯಿತು.

ಲೆಕ್ಕದ ಪುಸ್ತಕ · ಬೆಳಿಗ್ಗೆ 9:40

ಸಿಸ್ಟರ್, ಇದಕ್ಕೆ ನನ್ನ ಪೂರ್ತಿ ವೋಟು. ಕೋಣೆಗೆ ದುಡ್ಡು ತೆಗೆದುಕೊಳ್ಳಿ, ಊಟಕ್ಕೆ ತೆಗೆದುಕೊಳ್ಳಿ, ಟಿವಿಗೆ ತೆಗೆದುಕೊಳ್ಳಿ. ಪಟ್ಟಿಗೆ ಕೆಂಪು ಶಾಯಿ. ಬಾಡಿಗೆ ದುಡ್ಡಿನಲ್ಲಿ ಮೊದಲ ಖರ್ಚು ಆ ಮಹಡಿಗೆ ಇನ್ನೊಬ್ಬ ಸಿಸ್ಟರ್.

ಬಿಸಿಲೂರು ರಾಯಚೂರು · ಬೆಳಿಗ್ಗೆ 9:55

ಇಷ್ಟಾದರೆ ನನ್ನ ‘ಒಂದು ಹಾಸಿಗೆಯೂ ಬೇಡ’ ವಾಪಸ್ ತಗೋತೀನಿ. ಆದರೆ ಶಾಯಿ ಯಾರು ತಂದುಕೊಡುತ್ತಾರೆ ಎಂದು ಬರೆದು ತಿಳಿಸ್ರಿ.

ಸಂತೆಬೀದಿ · ಬೆಳಿಗ್ಗೆ 11:15

ಚರ್ಚೆ ನಡುವೆ ಒಂದು ಅನುಮಾನ. ನಮ್ಮದು ಎಪಿಎಲ್ ಕಾರ್ಡ್. ನಮಗೆ ಆಯುಷ್ಮಾನ್‌ನಲ್ಲಿ ಏನೂ ಇಲ್ವಾ? ಅತ್ತೆಗೆ ಆಪರೇಷನ್ ಹೇಳಿದ್ದಾರೆ.

ನೈಟ್ ಡ್ಯೂಟಿ ಪಿಜಿ · ಬೆಳಿಗ್ಗೆ 11:50

ಇದೆ. ಎಪಿಎಲ್‌ಗೆ ಪ್ಯಾಕೇಜ್ ದರದ 30 ಪರ್ಸೆಂಟ್ ಸರ್ಕಾರ ಕೊಡುತ್ತದೆ, ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಿ. ಅಲ್ಲಿ ಆಗದಿದ್ದರೆ ರೆಫರಲ್ ಬರೆಸಿಕೊಂಡು ಖಾಸಗಿಗೆ. ತುರ್ತು ಇದ್ದರೆ ರೆಫರಲ್‌ಗೆ ಕಾಯಬೇಡಿ. ಆಧಾರ್, ರೇಷನ್ ಕಾರ್ಡ್ ಎರಡೂ ಇಟ್ಟುಕೊಳ್ಳಿ. ಅಡ್ಮಿಟ್ ಆಗುವ ಮೊದಲೇ ಆರೋಗ್ಯಮಿತ್ರರನ್ನು ಮಾತಾಡಿಸಿ, ಆಮೇಲೆ ಹೋದರೆ ಓಡಾಟ ಜಾಸ್ತಿ.

ಅಡಿಕೆಮನೆ ಮಗಳು · ಶುಕ್ರವಾರ ಸಂಜೆ 6:20

ನಿನ್ನೆ ಅಪ್ಪನ ಹೊಲಿಗೆ ಬಿಚ್ಚಿಸಲು ಹೋಗಿದ್ದೆವು. ಗಾಯ ಒಣಗಿದೆ. ತಿಂಗಳು ಭಾರ ಎತ್ತಬೇಡಿ ಅಂದಿದ್ದಾರೆ, ಇವತ್ತು ಬೆಳಿಗ್ಗೆಯೇ ಗೊನೆ ಹೊರಲು ಹೋಗಿ ಅಮ್ಮನ ಹತ್ತಿರ ಬೈಸಿಕೊಂಡರು.

ಜನರಲ್ ವಾರ್ಡ್‌ಗೆ ಹೋಗಿ ಆ ಅಜ್ಜನನ್ನು ಕೇಳಿದೆ. ಅವರಿಗೆ ಸೋಮವಾರ ಆಗಿ, ಬುಧವಾರ ಮನೆಗೆ ಹೋದರಂತೆ. ಅದೇ ಮಂಚದಲ್ಲಿ ಬೇರೆ ಯಾರೋ ಇದ್ದರು. ಕಾಲಿನ ಕಡೆ ‘ಎನ್‌ಪಿಒ’ ಎಂದು ಬರೆದ ರಟ್ಟು ನೇತಾಡುತ್ತಿತ್ತು. ‘ಇದೇನು ಬರೆದಿದ್ದಾರೆ’ ಎಂದು ಕೇಳಿದರು. ‘ಬಾಯಿಗೆ ಏನೂ ಹಾಕಬಾರದು ಅಂತ’ ಎಂದೆ. ‘ಯಾವಾಗಿಂದ?’ ಎಂದರೆ, ‘ರಾತ್ರಿಯಿಂದ’ ಅಂದರು. ಆಗ ಮಧ್ಯಾಹ್ನ ಎರಡು.

ಓಟಿ ಕಡೆ ಹೋಗಿ ಬಾಗಿಲು ನೋಡಿದೆ. ಟೈಪ್ ಮಾಡಿದ ಏಳು ಹೆಸರು. ನಡುವೆ ಪೆನ್ನಿನಲ್ಲಿ ಬರೆದದ್ದು ಏನೂ ಇರಲಿಲ್ಲ. ಫೋಟೋ ತೆಗೆಯೋಣ ಎಂದುಕೊಂಡೆ. ಒಳಗಿನಿಂದ ಒಬ್ಬರು ಬಂದು ಬೋರ್ಡಿನ ಹತ್ತಿರ ನಿಂತು ಜೇಬಿನಲ್ಲಿ ಪೆನ್ನು ಹುಡುಕುತ್ತಿದ್ದರು. ಅಪ್ಪ ‘ಬಸ್ಸಿಗೆ ಹೊತ್ತಾಯಿತು’ ಎಂದು ಕರೆದರು. ಬಂದುಬಿಟ್ಟೆ.